1060 ಕೈಕೊಡ್ತು, ಬಳ್ಳಾರಿ ಬಿಸಿಲಿಗೆ ತಡೆಯೋ ಗ್ರಾಫಿಕ್ಸ್ ಕಾರ್ಡ್ ಯಾವುದು ಹೇಳ್ರಿ

ಕೌಲ್‌ಬಜಾರ್ ಹುಡುಗ, ಬಳ್ಳಾರಿ
ಎಲ್ಲರಿಗೂ ನಮಸ್ಕಾರ್ರಿ. ನನ್ನ ಗ್ರಾಫಿಕ್ಸ್ ಕಾರ್ಡ್, ಅಂದ್ರೆ ಪರದೆ ಮೇಲೆ ಚಿತ್ರ ಮೂಡಿಸೋ ಕಾರ್ಡ್, ಜಿಟಿಎಕ್ಸ್ 1060, 6 ಜಿಬಿ ಮೆಮೊರಿದು, 2018ರಲ್ಲಿ ತಗೊಂಡಿದ್ದು. ಈ ಸಲ, 2025ರ ಯುಗಾದಿ ಆದಮೇಲೆ ಆಟ ಆಡ್ತಾ ಇದ್ದಂಗೇ ಸಿಸ್ಟಮ್ ತಾನೇ ರೀಸ್ಟಾರ್ಟ್ ಆಗೋಕೆ ಶುರುವಾಯ್ತು. ಬಿಸಿಲಿಗೆ ಇರಬೇಕು ಅಂತ ಸುಮ್ನಿದ್ದೆ. ಮೊನ್ನೆಯಿಂದ ಪರದೆ ಮೇಲೆ ಹಸಿರು, ಗುಲಾಬಿ ಚೌಕಗಳು, ಲುಂಗಿ ಮೇಲಿನ ಚೌಕಳಿ ಇದ್ದಂಗೆ. ಡೆಸ್ಕ್‌ಟಾಪ್‌ನಲ್ಲಿ ಸುಮ್ನೆ ಕೂತಿದ್ರೂ ಬರ್ತಾವೆ.

ಸಿಸ್ಟಮ್: ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ್ಯಾಮ್, 450 ವ್ಯಾಟ್ ಎಸ್‌ಎಂಪಿಎಸ್ (ಎಲ್ಲದಕ್ಕೂ ಕರೆಂಟ್ ಕೊಡೋ ಡಬ್ಬ), 24 ಇಂಚಿನ 1080ಪಿ ಮಾನಿಟರ್, 144 ಹರ್ಟ್ಸ್. ಈ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಪೂರ್ತಿ ಸತ್ರೆ ಡಿಸ್‌ಪ್ಲೇನೇ ಬರಲ್ಲ.

ನಾನು ಆಡೋದು ರಾತ್ರಿ ವ್ಯಾಲರಂಟ್, ಭಾನುವಾರ ದೊಡ್ಡ ಕಥೆಯ ಆಟಗಳು. ಆದ್ರೆ ಹಗಲು ಇದೇ ಸಿಸ್ಟಮ್‌ನಲ್ಲಿ ನಮ್ಮಕ್ಕ ಮದುವೆ ವಿಡಿಯೋ ಎಡಿಟ್ ಮಾಡ್ತಾಳೆ. ವೈಶಾಖದ ಮುಹೂರ್ತಗಳು ಬರ್ತಾ ಇದಾವೆ, ಅವಳ ಕೆಲಸ ನಿಲ್ಲಬಾರದು. ಬಜೆಟ್ 28 ಸಾವಿರ. ಇದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ, ಅಪ್ಪನ ಜೀನ್ಸ್ ಹೊಲಿಗೆ ಮಷಿನ್‌ಗೆ ಇಟ್ಟಿದ್ದ ದುಡ್ಡಿನಿಂದ ಸಾಲ ಇಸ್ಕೊಂಡಿದ್ದೀನಿ.

ಬಿಸಿಲೂರು, ರಾಯಚೂರು
ಬಾಳ ವಿಚಾರ ಮಾಡಬ್ಯಾಡ್ರಿ. ಆರ್‌ಎಕ್ಸ್ 6600 ತೊಗೋರಿ. ನಾ ಎರಡು ವರ್ಷದಿಂದ ವಾಪರಸ್ಲಿಕ್ಕೆ ಹತ್ತೀನಿ. 8 ಜಿಬಿ ಅದ, 132 ವ್ಯಾಟ್ ಅಷ್ಟೇ ತಿಂತದ, 1080ಪಿಗೆ ಧಾರಾಳ ಆಗ್ತದ. ನಿಮ್ಮ 1060ಗಿಂತ ಹೆಚ್ಚುಕಡಿಮಿ ಎರಡು ಪಟ್ಟು ವೇಗ. ನಿಮ್ಮ ಊರ ಬಿಸಿಲೂ ಒಂದೇ, ನಮ್ಮೂರ ಬಿಸಿಲೂ ಒಂದೇ. ಇಲ್ಲಿ ತಡದದ ಅಂದ್ರ ಅಲ್ಲೂ ತಡೀತದ.

ಭತ್ತದ ಕಣಜ, ಗಂಗಾವತಿ
ಅಣ್ಣಾ, ಈಗ 2025ರಾಗ 6600 ತಗೊಳ್ಳೋದು ಯಾಕ? ಅದು 2021ರ ಅಕ್ಟೋಬರ್‌ದು. ಆರ್‌ಟಿಎಕ್ಸ್ 4060 ನೋಡ್ರಿ. 115 ವ್ಯಾಟ್, ನಿಮ್ಮ 1060ಗಿಂತ ಕಮ್ಮಿ ಕರೆಂಟ್ ತಿನ್ನತೈತಿ, ಆಟ ಸರಾಗ ಓಡಂಗ ಮಾಡೋ ಡಿಎಲ್‌ಎಸ್‌ಎಸ್ ಐತಿ, ಫ್ರೇಮ್ ಜನರೇಷನ್ ಐತಿ. ಇಲ್ಲಾಂದ್ರ ಒಂದು ತಿಂಗಳು ತಡೀರಿ, ಮೇದಾಗ 5060 ಬರತೈತಿ ಅಂತ ಎನ್‌ವಿಡಿಯಾದವರೇ ಹೇಳ್ಯಾರ.

ಇನ್ನೊಂದು ಮಾತು. ಕಾರ್ಡಿನಾಗ ಬೆಳಕು ನೆರಳು ಖರೇದಂಗ ತೋರಿಸೋ ರೇ ಟ್ರೇಸಿಂಗ್ ಇರದಿದ್ರ ಶುರುನೇ ಆಗದಂಥಾ ಆಟ ಬರಾಕತ್ತಾವು. ಹೋದ ಡಿಸೆಂಬರ್‌ನಾಗ ಬಂದ ಇಂಡಿಯಾನಾ ಜೋನ್ಸ್ ಆಟ ಹಂಗೈತಿ. ಸೆಕೆಂಡ್ ಹ್ಯಾಂಡ್ 1660 ಸೂಪರ್, 5700 ಎಕ್ಸ್‌ಟಿ ಅಂತ ಯಾರರ ಹೇಳಿದ್ರ ಅದಕ್ಕ ಹೋಗಬ್ಯಾಡ್ರಿ.

ರಿಪೇರಿ ಅಣ್ಣ, ಬಳ್ಳಾರಿ
ತಮ್ಮಾ, ಸ್ವಲ್ಪ ತಡಿ. ಎಲ್ರೂ ಕಾರ್ಡಿನ ಹೆಸರು ಹೇಳ್ತಾ ಇದಾರೆ, ನಿಂಗೆ ಇರೋದು ಎರಡು ಬೇರೆ ಬೇರೆ ಕಾಯಿಲೆ ಅನ್ಸುತ್ತೆ.

ಬಣ್ಣದ ಚೌಕ ಬರೋದು ಕಾರ್ಡ್ ಮೇಲಿನ ಮೆಮೊರಿ ಚಿಪ್ ಹೋಗಿರೋ ಲಕ್ಷಣ. ಸುಮ್ನೆ ಕೂತಾಗಲೂ ಬರ್ತೈತೆ ಅಂದ್ರೆ ಬಹುತೇಕ ಅದೇ. ಆದ್ರೆ ಲೋಡ್ ಬಿದ್ದಾಗ ಪಟ್ ಅಂತ ರೀಸ್ಟಾರ್ಟ್ ಆಗೋದು, ಅದೂ ಚೌಕ ಬರೋಕೆ ಮುಂಚೆಯಿಂದ, ಅದು ಎಸ್‌ಎಂಪಿಎಸ್ ವಾಸನೆ. ಅದನ್ನ ಬಿಟ್ಟು ಕಾರ್ಡ್ ಒಂದೇ ಬದಲಾಯಿಸಿದ್ರೆ ಹೊಸ ಕಾರ್ಡ್‌ನಲ್ಲೂ ರೀಸ್ಟಾರ್ಟ್ ಆಗುತ್ತೆ. ಆಮೇಲೆ ಕಾರ್ಡೇ ಸರಿ ಇಲ್ಲ ಅಂತ ಅಂಗಡಿಯವರ ಹತ್ರ ಜಗಳ.

ಒಂದು ಕೆಲಸ ಮಾಡು. ಕ್ಯಾಬಿನೆಟ್ ಪಕ್ಕದ ತಗಡು ಬಿಚ್ಚಿ ಎಸ್‌ಎಂಪಿಎಸ್ ಮೇಲಿನ ಚೀಟಿ ಓದು. 450 ಅಂತ ದೊಡ್ಡದಾಗಿ ಬರೆದಿರೋದು ಬೇಡ. ಕೆಳಗೆ ಸಣ್ಣ ಪಟ್ಟಿ ಇರುತ್ತೆ, ಅದ್ರಲ್ಲಿ 12 ವೋಲ್ಟ್ ಎದುರಿಗೆ ಎಷ್ಟು ಆಂಪ್ ಅಂತ ಐತೆ, ಅದನ್ನ ಹೇಳು.

ಕೌಲ್‌ಬಜಾರ್ ಹುಡುಗ, ಬಳ್ಳಾರಿ
ಅಣ್ಣ, ಮೊಬೈಲ್ ಟಾರ್ಚ್ ಹಾಕಿ ಓದಿದೆ. ಚೀಟಿ ಮೇಲೆ ಕೆಂಧೂಳು ಕೂತು ಅರ್ಧ ಕಾಣ್ತಾನೇ ಇರಲಿಲ್ಲ, ಬಟ್ಟೆಯಿಂದ ಒರೆಸಿದೆ. 12 ವೋಲ್ಟ್ ಎದುರು 18 ಆಂಪ್ ಅಂತ ಐತೆ. ಅಷ್ಟೇನಾ? ಆರು ಪಿನ್ನಿನ ವೈರ್ ಎಸ್‌ಎಂಪಿಎಸ್‌ನಿಂದ ಬಂದೇ ಇಲ್ಲ, ಹಾರ್ಡ್‌ಡಿಸ್ಕ್‌ಗೆ ಹಾಕೋ ದೊಡ್ಡ ನಾಲ್ಕು ಪಿನ್ನಿಗೆ ಒಂದು ಜೋಡಣೆ ವೈರ್ ಹಾಕಿದಾರೆ. ಅಸೆಂಬಲ್ ಮಾಡಿದವರೇ ಹಾಕಿಕೊಟ್ಟಿದ್ದು, ನಂಗೆ ಇವತ್ತಿನವರೆಗೂ ಗೊತ್ತಿರಲಿಲ್ಲ.

ರಿಪೇರಿ ಅಣ್ಣ, ಬಳ್ಳಾರಿ
ಹದಿನೆಂಟನ್ನ ಹನ್ನೆರಡರಿಂದ ಗುಣಿಸು. 216 ವ್ಯಾಟ್. ಪ್ರೊಸೆಸರ್ರಿಗೂ ಗ್ರಾಫಿಕ್ಸ್ ಕಾರ್ಡಿಗೂ ಬೇಕಾಗಿರೋದು ಆ 12 ವೋಲ್ಟಿನ ಕರೆಂಟೇ. ಅಂದ್ರೆ ನಿನ್ನ 450 ವ್ಯಾಟ್ ಡಬ್ಬ ಕೆಲಸಕ್ಕೆ ಬರೋದು 216 ವ್ಯಾಟಿಗೆ, ಅದೂ ಹೊಸದಿದ್ದಾಗ.

ಈಗ ಖರ್ಚು ನೋಡು. ರೈಜನ್ 3600 ಡಬ್ಬದ ಮೇಲೆ 65 ವ್ಯಾಟ್ ಅಂತ ಇದ್ರೂ ಪೂರ್ತಿ ಓಡುವಾಗ 88ರವರೆಗೆ ಎಳೆಯುತ್ತೆ. 1060 ತಿನ್ನೋದು 120. ಅಲ್ಲಿಗೇ 208 ಆಯ್ತು. ಫ್ಯಾನು, ಡಿಸ್ಕು, ಬೋರ್ಡು ಸೇರಿಸಿದ್ರೆ ದಾಟೇ ಹೋಯ್ತು. ಇಷ್ಟು ವರ್ಷ ಇದು ನಡೆದಿರೋದೇ ದೊಡ್ಡದು. ಬೇಸಿಗೆಯಲ್ಲಿ ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್ ಇನ್ನೂ ಸೊರಗುತ್ತೆ, ಅದಕ್ಕೇ ಯುಗಾದಿ ಆದಮೇಲೆ ಶುರುವಾಯ್ತು.

ಆ ಜೋಡಣೆ ವೈರ್ ಮೊದಲು ತೆಗೆದಿಡು. ಆರು ಪಿನ್ನಿನ ಕನೆಕ್ಟರ್ 75 ವ್ಯಾಟ್ ಕೊಡಬೇಕು, ಎಂಟು ಪಿನ್ನಿಂದು 150. ಡಿಸ್ಕಿಗೆ ಹಾಕೋ ಇನ್ನೊಂದು ಥರದ ಚಪ್ಪಟೆ ಪಿನ್ನು, ಸಾಟಾ ಪವರ್ ಪಿನ್ನು, ತಡೆಯೋದು 54 ವ್ಯಾಟ್. ಅದರಿಂದ ಎಂಟು ಪಿನ್ನು ಮಾಡೋ ವೈರುಗಳನ್ನ ಅಂಗಡಿಗಳಲ್ಲಿ ನೂರಿನ್ನೂರು ರೂಪಾಯಿಗೆ ಮಾರ್ತಾರೆ. ಕರಗಿ ಕಪ್ಪಾಗಿ ನನ್ನ ಟೇಬಲ್‌ಗೆ ಬಂದಿರೋ ಪಿನ್ನುಗಳು ಒಂದೆರಡಲ್ಲ.

28 ಸಾವಿರದಲ್ಲಿ ಮೊದಲು ನಾಲ್ಕೂವರೆ ಸಾವಿರ ಎಸ್‌ಎಂಪಿಎಸ್‌ಗೆ ಎತ್ತಿಡು. 550 ವ್ಯಾಟ್, 80 ಪ್ಲಸ್ ಬ್ರಾಂಜ್ (ಕರೆಂಟ್ ಕಮ್ಮಿ ಪೋಲು ಮಾಡೋ ದರ್ಜೆ). ಚೀಟಿಯಲ್ಲಿ 12 ವೋಲ್ಟ್ ಎದುರು ನಲವತ್ತು ಆಂಪ್ ಮೇಲಿರಬೇಕು. ನಾಳೆ ಸಿಸ್ಟಮ್ ಹೊತ್ಕೊಂಡು ಬಾ, ನನ್ನ ಹತ್ರ ಒಳ್ಳೇ ಎಸ್‌ಎಂಪಿಎಸ್ ಐತೆ, ಹಾಕಿ ನೋಡೋಣ. ಅಕ್ಕನ ಕೆಲಸ ನಿಲ್ಲೋದು ಬೇಡ, ಒಂದು ಜಿಟಿ 710 ಕಾರ್ಡ್ ಐತೆ, ಡಿಸ್‌ಪ್ಲೇಗೆ ಸಾಕು, ಹೊಸದು ಬರೋವರೆಗೆ ಇಟ್ಕೋ.

ಭತ್ತದ ಕಣಜ, ಗಂಗಾವತಿ
ಅಣ್ಣಾರ, ಈ 12 ವೋಲ್ಟ್ ಲೆಕ್ಕ ನನಗ ಗೊತ್ತಿರಲಿಲ್ಲ. ನಮ್ಮ ಹಾಸ್ಟೆಲ್‌ನಾಗ ಮೂರು ಮಂದಿದು ನೋಡಿದೆ, ಒಬ್ಬಂದು ಇಂಥದ್ದೇ ಐತಿ. ಅವಗ ಇವತ್ತೇ ಹೇಳಿದೆ.

ಊರುಬಿಟ್ಟವ, ಬೆಂಗಳೂರು
ನಾನೂ ಬಳ್ಳಾರಿಯವನೇ, ಈಗ ಬೆಂಗಳೂರಲ್ಲಿದ್ದೀನಿ. ಉಳಿದ 23 ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ನೋಡಬಹುದು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಗ್ಗೆ ಇಲ್ಲಿರ್ತೀಯ, ಎಸ್‌ಪಿ ರೋಡ್ ಸುತ್ತಿದ್ರೆ 3060, 3060 ಟಿಐ ಎಲ್ಲ ಸಿಗುತ್ವೆ. ನಾನೂ ಜೊತೆಗೆ ಬರ್ತೀನಿ. ಆದ್ರೆ ಕಣ್ಣು ತೆರೆದು ತಗೋಬೇಕು. 2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಂ ಅನ್ನೋ ಡಿಜಿಟಲ್ ನಾಣ್ಯ ಗಳಿಸೋಕೆ ಕಾರ್ಡ್ ಹಾಕಿ ಮೈನಿಂಗ್ ಮಾಡೋದು ನಿಂತೇಹೋಯ್ತು, ಅವತ್ತಿನಿಂದ ಹಗಲು ರಾತ್ರಿ ದುಡಿದ ಕಾರ್ಡುಗಳು ಮಾರ್ಕೆಟ್ಟಿಗೆ ಬಂದು ಬಿದ್ದಿವೆ. ಅಂಗಡಿಯಲ್ಲೇ ಕೂತು ಕಾರ್ಡಿಗೆ ಪೂರ್ತಿ ಭಾರ ಹಾಕಿ ಪರೀಕ್ಷೆ ಮಾಡೋ ಫರ್‌ಮಾರ್ಕ್ ಅರ್ಧ ಗಂಟೆ ಓಡಿಸಿ ನೋಡದೆ ದುಡ್ಡು ಕೊಡಬೇಡ.

ಬಿಸಿಲೂರು, ರಾಯಚೂರು
ಸೆಕೆಂಡ್ ಹ್ಯಾಂಡ್ ಅಂದ್ರ ನನ್ನ ಹೊಟ್ಟಿ ಉರೀತದ, ಹೇಳ್ತೀನಿ ಕೇಳ್ರಿ. 2023ರಾಗ ಆನ್‌ಲೈನ್ ಒಬ್ಬ ಮಾರಾಟಗಾರನ ಕಡಿಂದ ಆರ್‌ಎಕ್ಸ್ 580 ತರಿಸಿದ್ದೆ, 8 ಜಿಬಿದು. ಡಬ್ಬ ಹೊಸಾದು, ಕಾರ್ಡ್ ಮ್ಯಾಲ ಪ್ಲಾಸ್ಟಿಕ್ ಹಾಳಿ ಸೈತ ಇತ್ತು. ಸಿಸ್ಟಮ್‌ಗೆ ಹಾಕಿ, ಕಾರ್ಡಿನ ವಿವರ ತೋರಿಸೋ ಜಿಪಿಯು-ಝಡ್ ಸಾಫ್ಟ್‌ವೇರ್ ತೆಗೆದು ನೋಡಿದ್ರ ಶೇಡರ್ (ಚಿಪ್ಪಿನೊಳಗ ಲೆಕ್ಕ ಮಾಡೋ ಘಟಕ) 2048 ತೋರಿಸ್ತು. ಅಸಲಿ 580ಕ್ಕ 2304 ಇರಬೇಕು. 2048 ಅಂದ್ರ ಅದು ಒಳಗ 570 ಇದ್ದಂಗ, ಮ್ಯಾಲ ಹೆಸರು ಅಷ್ಟೇ 580. ಆ ಹೀಟ್‌ಸಿಂಕ್ ಸಂದ್ಯಾಗ ಎಣ್ಣಿ ಎಣ್ಣಿ ಅಂಟು ಇತ್ತು, ಬಿಸಿಗೆ ಥರ್ಮಲ್ ಪ್ಯಾಡ್ ಬೆವತು ಬಿಟ್ಟಿದ್ದು. ಮೂರು ತಿಂಗಳಿಗೆ ಒಂದು ಫ್ಯಾನ್ ನಿಂತು ಹೋತು. ಬಿಲ್ ಇಲ್ಲ, ವಾರಂಟಿ ಇಲ್ಲ, ಫೋನ್ ಎತ್ತಲಿಲ್ಲ. ಆರೂವರೆ ಸಾವಿರ ನೀರಿಗೆ ಹೋತು.

ಅದಾದಮ್ಯಾಲೇ 6600 ಹೊಸಾದು ತೊಗೊಂಡಿದ್ದು. ಬಿಲ್ ಇನ್ನೂ ಪ್ಲಾಸ್ಟಿಕ್ ಕವರ್‌ನ್ಯಾಗ ಇಟ್ಟೀನಿ. ಯಾವ ಕಾರ್ಡ್ ತೊಗೊಂಡ್ರೂ ಜಿಪಿಯು-ಝಡ್ ಹಾಕಿ ನೋಡ್ರಿ, ಹಳೇ ಎನ್‌ವಿಡಿಯಾ ಕಾರ್ಡಿಗೆ ಹೊಸ ಹೆಸರು ಬರೆದು ಮಾರಿದ್ರ ಬಾಳ ಸಲ ಅದರಾಗ ನಕಲಿ ಅಂತ ತೋರಸ್ತದ.

ವಿಡಿಯೋ ಅಕ್ಕ, ಹೊಸಪೇಟೆ
ನಿಮ್ಮ ಅಕ್ಕನ ಕೆಲಸವನ್ನೇ ನಾನೂ ಮಾಡುವುದರಿಂದ ಬರೆಯುತ್ತಿದ್ದೇನೆ. ಆಟದ ಲೆಕ್ಕ ನನಗೆ ಅಷ್ಟು ತಿಳಿಯದು. ಎಡಿಟಿಂಗಿಗೆ ಆರ್‌ಟಿಎಕ್ಸ್ 3060, 12 ಜಿಬಿಯದು ನನ್ನ ಹತ್ತಿರ ಮೂರು ವರ್ಷದಿಂದ ಇದೆ. ಎರಡು ಕ್ಯಾಮೆರಾದ 4ಕೆ ದೃಶ್ಯಗಳನ್ನು ಒಟ್ಟಿಗೆ ಇಟ್ಟು ಬಣ್ಣ ತಿದ್ದುವಾಗ, ಚಿತ್ರದ ಮೇಲಿನ ಕಾಳು ಕಾಳು ಚುಕ್ಕೆ (ನಾಯ್ಸ್) ತೆಗೆಯುವ ಎಫೆಕ್ಟ್ ಹಾಕಿದಾಗ 8 ಜಿಬಿ ತುಂಬಿಹೋಗುತ್ತದೆ. ಹಳೆಯ ಕಾರ್ಡಿನಲ್ಲಿ ಮೆಮೊರಿ ಸಾಲದು ಎಂದು ರೆಂಡರ್ ಅರ್ಧಕ್ಕೆ ನಿಂತು, ಧಾರೆ ಮುಹೂರ್ತದ ವಿಡಿಯೋ ಬೆಳಗಿನ ಜಾವದವರೆಗೂ ಮುಗಿಯದೆ ಅತ್ತಿದ್ದೇನೆ.

ಇನ್ನೊಂದು ವಿಷಯ. ನಿಮ್ಮ ಬಿ450 ಬೋರ್ಡಿನಲ್ಲಿ ಕಾರ್ಡ್ ಸಿಕ್ಕಿಸುವ ಸ್ಲಾಟು ಹಳೆಯ ಪಿಸಿಐಇ 3.0 ಮಾದರಿಯದು. 6600, 4060 ಎರಡೂ ಎಂಟೇ ಲೇನ್ (ಮಾಹಿತಿ ಹರಿಯುವ ದಾರಿ) ಬಳಸುವ ಕಾರ್ಡುಗಳು. 4.0 ಬೋರ್ಡಿನಲ್ಲಿ ಎಂಟು ಲೇನ್ ಸಾಕು, 3.0ದಲ್ಲಿ ಅದರ ಅರ್ಧ ದಾರಿ ಮಾತ್ರ ಸಿಗುತ್ತದೆ. 3060ಗೆ ಹದಿನಾರೂ ಲೇನ್ ಇವೆ.

ಬಿಸಿಲೂರು, ರಾಯಚೂರು
ಅಕ್ಕಾ, ನೀವು ಹೇಳೋದು ಖರೆ ಅದ. ಆದ್ರ 3.0 ಸ್ಲಾಟ್‌ನ್ಯಾಗ 6600ಕ್ಕ ಆಗೋ ನುಕ್ಸಾನ್ ಸ್ವಲ್ಪೇ. ನನ್ನದೂ ಬಿ450ನೇ. ಕಾರ್ಡಿನ 8 ಜಿಬಿ ತುಂಬಿ ಹೊರಗ ಚೆಲ್ಲಿದಾಗ ಅಷ್ಟೇ ಎದ್ದು ಕಾಣ್ತದ, ಆಟ ಜಗ್ಗಿ ಜಗ್ಗಿ ನಡೀತದ. ಆಟದ ಸೆಟ್ಟಿಂಗ್‌ನ್ಯಾಗ ಟೆಕ್ಸ್‌ಚರ್, ಅಂದ್ರ ಚಿತ್ರದ ನಯಗಾರಿಕಿ, ಅಲ್ಟ್ರಾದಿಂದ ಹೈಗೆ ಇಳಿಸಿದ್ರ ಸರಿ ಹೋಗ್ತದ. ಅದೇ 6500 ಎಕ್ಸ್‌ಟಿ ಅಂತ ಒಂದು ಅದ, ಅದಕ್ಕ ನಾಕೇ ಲೇನ್, 4 ಜಿಬಿ, ವಿಡಿಯೋ ಫೈಲ್ ಜಲ್ದಿ ತಯಾರು ಮಾಡೋ ಎನ್‌ಕೋಡರ್ ಕೂಡ ಇಲ್ಲ. ಸಸ್ತಾ ಅಂತ ಅದನ್ನ ಮಾತ್ರ ತೊಗೋಬ್ಯಾಡ್ರಿ, ಎಡಿಟಿಂಗ್ ಮಾಡೋ ಮನಿಗಂತೂ ಬ್ಯಾಡೇ ಬ್ಯಾಡ.

ಭತ್ತದ ಕಣಜ, ಗಂಗಾವತಿ
12 ಜಿಬಿನೇ ಬೇಕಂದ್ರ ಇಂಟೆಲ್ ಆರ್ಕ್ ಬಿ580 ಐತಲ್ರಿ? ಹೋದ ಡಿಸೆಂಬರ್‌ನಾಗ ಬಂದೈತಿ, 249 ಡಾಲರ್ ಅಂತ ಬಿಟ್ರು. ಹೊಗಳಿದ್ದೇ ಹೊಗಳಿದ್ದು ಎಲ್ಲಾರೂ.

ಊರುಬಿಟ್ಟವ, ಬೆಂಗಳೂರು
ನನ್ನ ಗೆಳೆಯ ತಗೊಂಡಿದಾನೆ, ಹೊಸ ಪ್ರೊಸೆಸರ್ ಜೊತೆ ಅದ್ಭುತ. ಆದ್ರೆ ಇವನ ಸಿಸ್ಟಮ್‌ಗೆ ಬೇಡ. ಅದರ ಡ್ರೈವರ್ ಪ್ರೊಸೆಸರ್ ಮೇಲೆ ಹಾಕೋ ಭಾರ ಜಾಸ್ತಿ. ಈ ಜನವರಿಯಲ್ಲಿ ರೈಜನ್ 2600, 3600 ಥರದ ಹಳೇ ಪ್ರೊಸೆಸರ್ ಜೊತೆ ಇಟ್ಟು ಪರೀಕ್ಷೆ ಮಾಡಿದವರಿಗೆ ವೇಗ ಸಿಕ್ಕಾಪಟ್ಟೆ ಬಿದ್ದಿದ್ದು ಕಂಡಿತು. ಕಾರ್ಡಿನ ಪೂರ್ತಿ ಮೆಮೊರಿಯನ್ನ ಪ್ರೊಸೆಸರ್ ಒಟ್ಟಿಗೆ ಮುಟ್ಟೋಕೆ ಬಿಡೋ ರೀಸೈಜಬಲ್ ಬಾರ್ ಅನ್ನೋ ಸೆಟ್ಟಿಂಗ್ ಬೇರೆ ಕಡ್ಡಾಯ ಅಂತಾನೇ ಹೇಳಬೇಕು. ಕಾರ್ಡ್ ಎಷ್ಟೇ ಚೆನ್ನಾಗಿದ್ರೂ ಇರೋ ಪ್ರೊಸೆಸರ್‌ಗೆ ಹೊಂದದಿದ್ರೆ ದುಡ್ಡು ದಂಡ.

ಕೌಲ್‌ಬಜಾರ್ ಹುಡುಗ, ಬಳ್ಳಾರಿ
ಇವತ್ತು ಅಣ್ಣನ ಹತ್ರ ಹೋಗಿದ್ದೆ. ಆಗಿದ್ದು ಆಗಿದ್ದಂಗೆ ಬರೀತೀನಿ, ಮುಂದೆ ಯಾರಿಗಾದ್ರೂ ಬೇಕಾಗಬಹುದು.

ಮೊದಲು ನನ್ನ ಹಳೇ ಕಾರ್ಡನ್ನೇ ಅವರ ಎಸ್‌ಎಂಪಿಎಸ್‌ಗೆ ಹಾಕಿದ್ರು. ಆಟ ಹಾಕಿ ಮುಕ್ಕಾಲು ಗಂಟೆ ಬಿಟ್ವಿ. ಒಂದು ಸಲಾನೂ ರೀಸ್ಟಾರ್ಟ್ ಆಗಲಿಲ್ಲ. ಆದ್ರೆ ಚೌಕಗಳು ಹಂಗೇ ಇದ್ವು, ಬಿಸಿ ಆದಂಗೆ ಜಾಸ್ತಿ ಆದ್ವು. ಮೆಮೊರಿ ಸ್ಪೀಡ್ ಇಳಿಸಿದ್ರೆ ಕಮ್ಮಿ ಆಗ್ತವೆ, ಪೂರ್ತಿ ಹೋಗಲ್ಲ. ಅಣ್ಣ ಹೇಳಿದ್ದು ಸರಿ, ಎರಡೂ ಕಾಯಿಲೆ ಬೇರೆ ಬೇರೆ. ಹೀಟ್ ಗನ್ ಹಿಡಿದು ಕಾಯಿಸಿದ್ರೆ ಸರಿ ಹೋಗುತ್ತಂತೆ ಅಂತ ಕೇಳಿದೆ, "ಹದಿನೈದು ದಿನ ಬರುತ್ತೆ, ಮತ್ತೆ ಬರ್ತೀಯ, ನಿನ್ನ ದುಡ್ಡು ನಂಗೆ ಬೇಡ" ಅಂದ್ರು.

ಆಮೇಲೆ ಕೂಲರ್ ಬಿಚ್ಚಿ ತೋರಿಸಿದ್ರು. ರೆಕ್ಕೆಗಳ ಮಧ್ಯೆ ಧೂಳು ಕಂಬಳಿ ಥರ ಕೂತಿತ್ತು. ಬೆರಳಲ್ಲಿ ಎತ್ತಿದ್ರೆ ಒಂದೇ ತುಂಡಾಗಿ ಎದ್ದು ಬಂತು, ಒಂದು ಕಡೆ ಅದಿರಿನ ಕೆಂಪು, ಇನ್ನೊಂದು ಕಡೆ ನೀಲಿ. ನೀಲಿ ಏನು ಅಂತ ನೋಡಿದ್ರೆ ಜೀನ್ಸ್ ಬಟ್ಟೆಯ ಜುಂಗು. ಅಪ್ಪ ಹೊಲಿಯೋ ಕೋಣೆಗೂ ನನ್ನ ಕೋಣೆಗೂ ಮಧ್ಯೆ ಇರೋದು ಒಂದು ಪರದೆ ಅಷ್ಟೇ. ಏಳು ವರ್ಷ ಆ ಕಾರ್ಡ್ ಇದನ್ನೇ ಉಸಿರಾಡಿದೆ. ನೋಡಿ ಬಾಳ ಬೇಜಾರಾಯ್ತು.

ಮನೆಗೆ ಬಂದು ಕ್ಯಾಬಿನೆಟ್ ಅಳತೆ ತಗೊಂಡೆ, ಅಪ್ಪನ ಹೊಲಿಗೆ ಟೇಪ್‌ನಲ್ಲೇ. ಹಿಂದಿನ ತಗಡಿನಿಂದ ಹಾರ್ಡ್‌ಡಿಸ್ಕ್ ಗೂಡಿನವರೆಗೆ ಹತ್ತೂವರೆ ಇಂಚು, ಅಂದ್ರೆ 266 ಮಿಲಿಮೀಟರ್. ಮೂರು ಫ್ಯಾನಿನ ಕಾರ್ಡ್ ಹಿಡಿಯಲ್ಲ.

ರಿಪೇರಿ ಅಣ್ಣ, ಬಳ್ಳಾರಿ
ಬಿಸಿಲು ಧೂಳಿನ ಮಾತು ಬಂತು, ಹೇಳಿಬಿಡ್ತೀನಿ. ಕಾರ್ಡ್ ಎಷ್ಟು ತಣ್ಣಗಿರುತ್ತೆ ಅನ್ನೋದು ಕೋಣೆ ಎಷ್ಟು ತಣ್ಣಗೈತೆ ಅನ್ನೋದರ ಮೇಲೆ ನಿಂತಿದೆ. ಕೋಣೆ ಹತ್ತು ಡಿಗ್ರಿ ಏರಿದ್ರೆ ಕಾರ್ಡೂ ಅಷ್ಟೇ ಏರುತ್ತೆ. ನೆಟ್‌ನಲ್ಲಿ ನೋಡೋ ರಿವ್ಯೂ ಎಲ್ಲ ಇಪ್ಪತ್ತೈದು ಡಿಗ್ರಿ ಕೋಣೆದು. ನಮ್ಮಲ್ಲಿ ಏಪ್ರಿಲ್, ಮೇ ಮಧ್ಯಾಹ್ನ ಹೊರಗೆ ನಲವತ್ತು ದಾಟಿದ್ರೆ ಆರ್‌ಸಿಸಿ ಮನೆ ಒಳಗೆ ಮೂವತ್ತೆಂಟಕ್ಕೆ ಕಮ್ಮಿ ಇರಲ್ಲ. ಅವರ ಎಪ್ಪತ್ತು ನಮಗೆ ಎಂಬತ್ತಮೂರು. ಅದಕ್ಕೇ ನಾನು ಈ ಊರಿನವರಿಗೆ ಕಮ್ಮಿ ವ್ಯಾಟಿನ ಕಾರ್ಡೇ ಹೇಳೋದು. 170 ವ್ಯಾಟಿನ 3060ಗೂ 132 ವ್ಯಾಟಿನ 6600ಗೂ ಇರೋ 38 ವ್ಯಾಟ್ ನಿನ್ನ ಸಣ್ಣ ಕ್ಯಾಬಿನೆಟ್ ಒಳಗೆ ಸುತ್ತೋ ಬಿಸಿನೇ.

ಮೂರು ತಿಂಗಳಿಗೊಮ್ಮೆ ಬ್ಲೋವರ್ ಹೊಡಿ. ಹೊಡೆಯುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡ್ಕೋ, ಗಾಳಿಗೆ ತಿರುಗಲು ಬಿಟ್ರೆ ಬೇರಿಂಗ್ ಹೋಗುತ್ತೆ. ಕ್ಯಾಬಿನೆಟ್ ನೆಲದಿಂದ ಎತ್ತಿ ಸ್ಟೂಲ್ ಮೇಲಿಡು. ಅಪ್ಪನ ಕೋಣೆ ಕಡೆಗೆ ಬೆನ್ನು ಮಾಡಿಸು, ಗಾಳಿ ಎಳೆಯೋ ಮುಖ ಕಿಟಕಿ ಕಡೆ ಇರಲಿ.

ವಿಡಿಯೋ ಅಕ್ಕ, ಹೊಸಪೇಟೆ
ನನ್ನ ಕೋಣೆಯಲ್ಲಿ ಏಸಿ ಇದೆ, ದೊಡ್ಡ ಕ್ಯಾಬಿನೆಟ್ ಇದೆ. ಬಿಸಿಯ ಬಗ್ಗೆ ನಾನು ಯೋಚಿಸಿರಲಿಲ್ಲ, ಅಣ್ಣ ಹೇಳಿದ್ದು ಒಪ್ಪುವ ಮಾತು. ಆದರೂ ಅಕ್ಕನನ್ನು ಒಂದು ಪ್ರಶ್ನೆ ಕೇಳಿ: ಅವರಿಗೆ ಬರುವ ದೃಶ್ಯಗಳು 4ಕೆಯೋ 1080ಪಿಯೋ? 1080ಪಿ ಆದರೆ 8 ಜಿಬಿ ಸಾಕು, ನಾನು ಹಟ ಮಾಡುವುದಿಲ್ಲ. 4ಕೆ ಆದರೆ 3060ಗೇ ನನ್ನ ಮತ.

ಕೌಲ್‌ಬಜಾರ್ ಹುಡುಗ, ಬಳ್ಳಾರಿ
ಕೇಳಿದೆ ಅಕ್ಕಾ. ಎಲ್ಲ 1080ಪಿನೇ ಅಂತೆ, ಕ್ಯಾಮೆರಾದವರು 4ಕೆ ಕೊಡೋದೇ ಇಲ್ಲವಂತೆ. ಅವಳಿಗೆ ಕಷ್ಟ ಆಗೋದು ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಮಾತ್ರ.

ಇಲ್ಲಿ ಅಂಗಡಿಯಲ್ಲಿ ರೇಟ್ ಕೇಳಿದೆ. 3060 12 ಜಿಬಿ 26 ಸಾವಿರದ ಮೇಲೆ, 4060 ಇಪ್ಪತ್ತೊಂಬತ್ತು. ಎರಡು ಫ್ಯಾನಿನ 6600, ಮೂರು ವರ್ಷ ವಾರಂಟಿ, ಜಿಎಸ್‌ಟಿ 18 ಪರ್ಸೆಂಟ್ ಸೇರಿ 21,500. ಎಸ್‌ಎಂಪಿಎಸ್ 4,600. ಒಟ್ಟು 26,100. 6600 ತರಿಸೋಕೆ ಹೇಳಿ ಮುಂಗಡ ಕೊಟ್ಟು ಬಂದೆ.

ಭತ್ತದ ಕಣಜ, ಗಂಗಾವತಿ
ನನ್ನ ಮನಸ್ಸು 4060 ಕಡೆನೇ ಐತಿ, ಆದ್ರ ಎಸ್‌ಎಂಪಿಎಸ್ ಬಿಟ್ಟು ತಗೋರಿ ಅಂತ ಹೇಳಾಕ ಈಗ ಬಾಯಿ ಬರವಲ್ದು. ಒಳ್ಳೇದಾಗ್ಲಿ ಅಣ್ಣಾ.

ಬಿಸಿಲೂರು, ರಾಯಚೂರು
ಹಾಕೋ ಮೊದಲು ಒಂದು ಮಾತು. ಎನ್‌ವಿಡಿಯಾದಿಂದ ಎಎಮ್‌ಡಿಗೆ ಹೊಂಟೀರಿ, ಹಳೇ ಡ್ರೈವರ್ ಸೇಫ್ ಮೋಡಿಗೆ ಹೋಗಿ ಡಿಡಿಯು ಅನ್ನೋ ಡ್ರೈವರ್ ತೆಗೆಯೋ ಸಾಫ್ಟ್‌ವೇರ್ ಹಾಕಿ ಪೂರಾ ಸ್ವಚ್ಛ ಮಾಡ್ರಿ. ಆಮ್ಯಾಲ ಬಯೋಸ್‌ನ್ಯಾಗ, ಅಂದ್ರ ಬೋರ್ಡಿನ ಮೂಲ ಸೆಟ್ಟಿಂಗ್‌ನ್ಯಾಗ, ರೀಸೈಜಬಲ್ ಬಾರ್ ಚಾಲೂ ಮಾಡ್ರಿ, 3600ಕ್ಕ ನಡೀತದ, ನಿಮ್ಮ ಬೋರ್ಡಿನ ಹೊಸ ಬಯೋಸ್ ಬೇಕಾಗ್ತದ.

ರಿಪೇರಿ ಅಣ್ಣ, ಬಳ್ಳಾರಿ
ಬಯೋಸ್ ಅಪ್‌ಡೇಟ್ ಮನೇಲಿ ಮಾಡಬೇಡ ತಮ್ಮಾ, ಮಧ್ಯೆ ಕರೆಂಟ್ ಹೋದ್ರೆ ಬೋರ್ಡೇ ಹೋಯ್ತು. ಇಲ್ಲಿ ಯುಪಿಎಸ್ ಐತೆ, ತಗೊಂಡು ಬಾ. ರೀಸೈಜಬಲ್ ಬಾರ್‌ಗೆ ಬಯೋಸ್‌ನಲ್ಲಿ ಸಿಎಸ್‌ಎಂ ಅನ್ನೋ ಹಳೇ ಬೂಟ್ ವಿಧಾನ ಬಂದ್ ಮಾಡಬೇಕು. ನಿನ್ನ ವಿಂಡೋಸ್ ಹಳೇ ಎಂಬಿಆರ್ ಮಾದರಿಯ ಡಿಸ್ಕ್ ಮೇಲಿದ್ರೆ ಹಂಗೆ ಬಂದ್ ಮಾಡಿದ ಕೂಡಲೇ ಬೂಟ್ ಆಗಲ್ಲ, ಡಿಸ್ಕನ್ನ ಮೊದಲು ಹೊಸ ಜಿಪಿಟಿ ಮಾದರಿಗೆ ಬದಲಾಯಿಸಬೇಕು. ಅಕ್ಕನ ವಿಡಿಯೋ ಎಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡ್ಕೊಂಡೇ ಬಾ.

ಕೌಲ್‌ಬಜಾರ್ ಹುಡುಗ, ಬಳ್ಳಾರಿ
ಹಾಕಿ ಆಯ್ತು. ನಾಲ್ಕು ದಿನ ಓಡಿಸಿ ನೋಡಿ ಬರೀತಾ ಇದ್ದೀನಿ.

ಇವತ್ತು ಮಧ್ಯಾಹ್ನ ಮೂರಕ್ಕೆ ಅಪ್ಪನ ಗೋಡೆ ಥರ್ಮಾಮೀಟರ್ 38 ತೋರಿಸ್ತಾ ಇತ್ತು. ಕಥೆಯ ಆಟ ಹೈ ಸೆಟ್ಟಿಂಗ್‌ನಲ್ಲಿ ಒಂದು ಗಂಟೆ. ಕಾರ್ಡ್ 74 ಡಿಗ್ರಿ, ಅದರೊಳಗೆ ಎಲ್ಲಕ್ಕಿಂತ ಬಿಸಿ ಇರೋ ಜಾಗ (ಹಾಟ್‌ಸ್ಪಾಟ್) 88. ಫ್ಯಾನ್ ಸದ್ದು ಇದೆ, ಆದ್ರೆ ಹೊಲಿಗೆ ಮಷಿನ್ ಸದ್ದಿಗೆ ಕೇಳಲ್ಲ. ಒಂದು ಸಲಾನೂ ರೀಸ್ಟಾರ್ಟ್ ಆಗಿಲ್ಲ. ಎಂಟು ಪಿನ್ನಿನ ವೈರ್ ನೇರವಾಗಿ ಎಸ್‌ಎಂಪಿಎಸ್‌ನಿಂದಾನೇ ಬಂದೈತೆ, ಮುಟ್ಟಿ ನೋಡಿದ್ರೆ ತಣ್ಣಗೈತೆ. ಅಕ್ಕ ಒಂದೂವರೆ ಗಂಟೆಯ ಮದುವೆ ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿ ಊಟಕ್ಕೆ ಕೂತ್ಲು, ಊಟ ಮುಗಿಯೋದ್ರೊಳಗೆ ಆಗಿತ್ತು. ಮುಂಚೆ ರಾತ್ರಿ ಹಾಕಿ ಮಲಗ್ತಾ ಇದ್ಲು.

ಉಳಿದ ದುಡ್ಡಲ್ಲಿ ಕ್ಯಾಬಿನೆಟ್ ಮುಂದಿನ ಫ್ಯಾನ್‌ಗೆ ಅಯಸ್ಕಾಂತದ ಧೂಳಿನ ಜಾಲರಿ ತಂದೆ. ನಾಲ್ಕೇ ದಿನಕ್ಕೆ ಅದರ ಮೇಲೆ ತೆಳ್ಳಗೆ ನೀಲಿ ಕೂತೈತೆ.

ರಿಪೇರಿ ಅಣ್ಣ, ಜಿಟಿ 710 ನಾಳೆ ಸಂಜೆ ತಂದು ಕೊಡ್ತೀನಿ. ಹಳೇ ಎಸ್‌ಎಂಪಿಎಸ್ ಏನು ಮಾಡ್ಲಿ? ಪಕ್ಕದ ಬೀದಿ ಹುಡುಗ ಒಬ್ಬ ಮುನ್ನೂರು ರೂಪಾಯಿ ಕೊಡ್ತೀನಿ ಅಂತಾನೆ.

ರಿಪೇರಿ ಅಣ್ಣ, ಬಳ್ಳಾರಿ
ಕೊಡಬೇಡ. ಅವನೂ ಅದಕ್ಕೆ ಯಾವುದೋ ಕಾರ್ಡ್ ಸಿಕ್ಕಿಸ್ತಾನೆ. 710 ಜೊತೆ ಅದನ್ನೂ ತಗೊಂಡು ಬಾ. ಆ ಹುಡುಗನ್ನೂ ಕರ್ಕೊಂಡು ಬಾ, ಅವನ ಸಿಸ್ಟಮ್‌ಗೆ ಏನು ಬೇಕು ಅಂತ ನೋಡೋಣ.